ಹಣೆಗೆ ಇಡಬೇಕಾಗಿದ್ದ ಬರೆ

ಕಿಟ್, ಕಿಟ್, ಕಿಟ್.

ಬೆಳ್ಳಿ ಕಡಗ ಹಿತ್ತಾಳೆ ತಂಬಿಗೆಗೆ ತಾಗುವ ಸಪ್ಪಳ. ಇಲಿ ಕಡಿದಷ್ಟೂ ಜೋರಾಗಿರಲಿಲ್ಲ. ಆದರೂ ದುಂಡವ್ವ ಆ ನಡುರಾತ್ರಿಯಲ್ಲಿ ದಿಗ್ಗನೆ ಎದ್ದು ಕೂತಳು. ಘೋಣಸಗಿಯ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಅವಳದು ಅರೆನಿದ್ದೆಯೇ. ಮಲಗಿದಲ್ಲೂ ಕಿವಿ ಗಂಡನ ಉಸಿರಿನ ಮೇಲೆ.

ಪಕ್ಕದಲ್ಲಿ ಗಂಡ ರಾಮಲಿಂಗನ ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು. ಕಣ್ಣುಗುಡ್ಡೆ ಮೇಲಕ್ಕೆ ಹೊರಳಿತ್ತು. ಅವಳು ಕಂದೀಲಿನ ಬತ್ತಿ ಏರಿಸಿ, ತಂಬಿಗೆ ದೂರ ಸರಿಸಿ, ತಲೆಯ ಕೆಳಗೆ ಕಂಬಳಿ ತುರುಕಿ ಅವನನ್ನು ಮಗ್ಗುಲಿಗೆ ಹೊರಳಿಸಿದಳು. ಕಚ್ಚಿಕೊಂಡ ನಾಲಿಗೆಯ ರಕ್ತ ನೊರೆಯೊಂದಿಗೆ ಕಂಬಳಿಗೆ ಇಳಿಯಿತು.

ವರ್ಷದ ಮೇಲಾಗಿತ್ತು ಮೂರ್ಛೆ ಬಾರದೆ. ವಿಜಾಪುರದ ಗಾಂಧಿ ಚೌಕದ ಹಿಂದಿನ ಓಣಿಯ ಡಾಕ್ಟರು ಹೇಳಿದ್ದನ್ನು ದುಂಡವ್ವ ಒಂದೂ ಬಿಡದೆ ನಡೆಸಿದ್ದಳು. ಹೊತ್ತಿಗೆ ಸರಿಯಾಗಿ ಊಟ, ರಾತ್ರಿ ತುಂಬ ನಿದ್ದೆ; ಸೇಂದಿ ಮುಟ್ಟುವ ಹಾಗಿಲ್ಲ, ಗುಳಿಗೆ ತಪ್ಪಿಸುವ ಹಾಗಿಲ್ಲ, ಅದನ್ನು ಉಂಡ ಮೇಲೆಯೇ ನುಂಗಬೇಕು. ಆ ಕೊನೆಯ ಮಾತೇ ಮುಳುವಾಯಿತು. ಎಪ್ಪತ್ತನಾಲ್ಕರ ದೀಪಾವಳಿ ಅಮಾವಾಸ್ಯೆಗೆ ಭಾವ ಯಲಗೂರಪ್ಪ ತಮ್ಮನಿಗೆ ಬೀರಪ್ಪನ ಹೆಸರಿನಲ್ಲಿ ಉಪವಾಸ ಹಿಡಿಸಿ, ಕಳ್ಳಕವಟಗಿಯ ಹೊಲದಲ್ಲಿ ಕುರಿಹಟ್ಟಿ ಕಾಯಲು ಕರೆದುಕೊಂಡು ಹೋದ. ಎರಡು ರಾತ್ರಿ ಕಣ್ಣು ಮುಚ್ಚಗೊಡಲಿಲ್ಲ. ಈ ಸಂಜೆ ತಿರುಗಿ ಬಂದಾಗ ದುಂಡವ್ವ ಮೊದಲು ಕೇಳಿದ್ದು ಗುಳಿಗೆಯನ್ನು.

"ಉಂಡ ಮ್ಯಾಲ ಅಂದಾನಲ್ಲ ನಿಮ್ಮ ಡಾಕ್ಟರ? ಉಂಡಿಲ್ಲ, ನುಂಗಿಲ್ಲ. ಅವನ ಮಾತೂ ನಡೀತು, ದೇವರ ಮಾತೂ ನಡೀತು," ಎಂದು ಯಲಗೂರಪ್ಪ ನಕ್ಕಿದ್ದ.

ಈಗ ಅವನೇ ಕಟ್ಟೆಯ ಮೇಲಿಂದ ಎದ್ದು ಒಳಗೆ ಬಂದ. ಹಿಂದೆಯೇ ಅತ್ತೆ ತಾಯವ್ವ.

"ಮತ್ತ ಬಂತೇನ?" ಎಂದವನೇ ಒಲೆಯ ಬೂದಿ ಕೆದರಿ, ಕುರಿಗಳಿಗೆ ಬರೆ ಹಾಕುವ ಸಲಾಕೆಯನ್ನು ಕೆಂಡದೊಳಗೆ ತೂರಿಸಿ ಊದತೊಡಗಿದ.

"ಭಾವಾ, ಮುಗದೈತ್ರಿ. ಉಸರ ಸಾವಕಾಶ ಆಗೈತಿ. ಮಲಗಲಿ ಬಿಡ್ರಿ."

"ಹೋದ ವರ್ಷ ಟಗರು ಗರಾಗರಾ ತಿರಗಿ ಬೀಳತಿತ್ತು. ತಲಿಗಿ ಒಂದ ಬರಿ ಎಳದ್ನಿ. ಇವತ್ತ ಊರ ಮಂದಿಗೆಲ್ಲ ಹಾಯತೈತಿ."

"ಇವರೇನ ಟಗರೇನ್ರಿ?"

"ಟಗರಾಗಿದ್ರ ಚೊಲೊ ಇತ್ತಲೇ. ಅದಕ್ಕ ಸಾಲಿ ಕಲತ ಹೇಂತಿ ಇರೂದಿಲ್ಲ."

ತಾಯವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹಾಕ್ಲಿ ಬಿಡ ಬೇ. ಇವತ್ತ ಬೀಳತಾನ, ನಾಳಿ ಮಂದಿಗಿ ಹೊಡ್ಯಾಕ ನಿಂತ್ರ? ನಿಮ್ಮ ಬಬಲೇಶ್ವರದಾಗ ಆ ಹುಡುಗನ್ನ ಸರಪಳಿಲೆ ಕಟ್ಟ್ಯಾರಲ್ಲ, ಮರತಿಯೇನ?"

ಮರೆಯುವುದುಂಟೇ! ತವರಿನ ಓಣಿಯಲ್ಲೇ ಇದ್ದ ಅವನು. ಮೂರ್ಛೆ ಇಳಿಯುವ ಮಬ್ಬಿನಲ್ಲಿ ಒಮ್ಮೆ ಸೋದರಮಾವನ ಹಲ್ಲು ಮುರಿದಿದ್ದ. ಅಂದಿನಿಂದ ದನದ ಕೊಟ್ಟಿಗೆಯ ಕಂಬವೇ ಅವನ ಮನೆ. ಪಾದದ ಗಂಟು ಕೊಳೆತು ನೊಣ ಮುತ್ತುತ್ತಿದ್ದವು. ಬೀಳುವವನಿಗೆ ಊರವರು ಅಯ್ಯೋ ಎನ್ನುತ್ತಿದ್ದರು. ಹೊಡೆದನೆಂದರೆ ಮುಗಿಯಿತು, ಹುಚ್ಚನೇ.

ಸಲಾಕೆಯ ತುದಿ ಕೆಂಪಾಗಿತ್ತು. "ಕಾಲ ಹಿಡೀಬೇ ಯವ್ವಾ," ಎಂದ ಯಲಗೂರಪ್ಪ.

"ಎಚ್ಚರ ತಿಳಿಯೂತನಾ ಒತ್ತಿ ಹಿಡೀಬಾರದಂತ ಡಾಕ್ಟರ ಹೇಳ್ಯಾರ್ರಿ!" ದುಂಡವ್ವ ಗಂಡನ ಮೇಲೆ ಅಡ್ಡ ಬಿದ್ದಳು. ಭಾವ ಜಡೆ ಹಿಡಿದೆಳೆದು, ಪಕ್ಕೆಗೆ ಒದ್ದ. ಅವಳ ತಲೆ ಬೀಸುವ ಕಲ್ಲಿಗೆ ಅಪ್ಪಳಿಸಿತು. ಬಿಸಿ ರಕ್ತ ಹುಬ್ಬಿನ ಮೇಲೆ ಹರಿದು ಕಣ್ಣು ತುಂಬಿತು. ಇನ್ನೊಂದು ಕಣ್ಣಿನಿಂದ ನೋಡಿದಳು: ಅತ್ತೆ ಈ ಕಡೆ ಬೆನ್ನು ಮಾಡಿ ಮಗನ ಕಾಲಿನ ಮೇಲೆ ಕೂತಿದ್ದಳು. ಭಾವ ಎದೆಯ ಮೇಲೆ ಮಂಡಿಯೂರಿ, ಎಡಗೈಯಿಂದ ತಮ್ಮನ ಕತ್ತು ಅದುಮಿ, ಸಲಾಕೆಯನ್ನು ಹಣೆಯ ಹತ್ತಿರ ತಂದಿದ್ದ.

ಕಾವು ತಾಗಿತೋ, ಉಸಿರು ಕಟ್ಟಿತೋ, ರಾಮಲಿಂಗ ಕಣ್ಣು ತೆರೆದ. ಆ ಕಣ್ಣಲ್ಲಿ ಅಣ್ಣ ಇರಲಿಲ್ಲ, ಅವ್ವ ಇರಲಿಲ್ಲ, ಯಾರೂ ಇರಲಿಲ್ಲ. ಒಂದೇ ಒದೆತಕ್ಕೆ ತಾಯಿ ಹಿಂದಕ್ಕೆ ಉರುಳಿದಳು, ಕಂದೀಲು ಬಿದ್ದು ಆರಿತು. ಮುಂದಿನದನ್ನು ಒಲೆಯ ಕೆಂಡದ ಬೆಳಕಿನಲ್ಲಿ ದುಂಡವ್ವ ಒಬ್ಬಳೇ ಕಂಡಳು. ಅವನು ಅಣ್ಣನ ಮುಂಗೈ ಹಿಡಿದು ತಿರುಚಿ, ಸಲಾಕೆಯನ್ನು ಅಣ್ಣನ ಮುಖಕ್ಕೇ ಒತ್ತಿದ. ಚುರ್ ಎಂದಿತು. ಹುಬ್ಬು ಸುಟ್ಟ ವಾಸನೆ. ಚೀರುತ್ತಿದ್ದವನ ತಲೆಯನ್ನು ನೆಲಕ್ಕೆ ಒಮ್ಮೆ, ಮತ್ತೊಮ್ಮೆ ಜಜ್ಜಿದ. ದುಂಡವ್ವ ತೆವಳಿ ಹೋಗಿ ಸಲಾಕೆ ಕಿತ್ತುಕೊಂಡು, ಗಂಡನನ್ನು ತಬ್ಬಿ ಪಕ್ಕಕ್ಕೆ ಸರಿದಳು. ಎಳೆಯಲಿಲ್ಲ, ಒತ್ತಲಿಲ್ಲ, ಸುಮ್ಮನೆ ಬೆನ್ನು ಸವರಿದಳು. ಅವನ ಮೈ ಸಡಿಲವಾಯಿತು. ಕೂಸಿನಂತೆ ಗೊರಕೆ ಹೊಡೆದ.

ಪಕ್ಕದ ಮನೆಯ ಗೈಬುಸಾಬ ಕಂದೀಲು ಹಿಡಿದು ಓಡಿ ಬಂದಾಗ ಸಲಾಕೆ ಅವಳ ಕೈಯಲ್ಲೇ ಇತ್ತು.

"ಯಾ ಅಲ್ಲಾ! ಏನ ಮಾಡಿದಿ ಯವ್ವಾ?"

"ಕಣ್ಣ ಹೋತೋ ಯಪ್ಪಾ!" ಯಲಗೂರಪ್ಪ ಉರುಳಾಡುತ್ತ ಕೂಗಿದ. "ಯಾರ್‍ಲೇ? ಕತ್ತಲಾಗ ಯಾರ್‍ಲೇ ಇಟ್ಟಾವ್ರ?"

ತಾಯವ್ವ ಸಲಾಕೆ ನೋಡಿದಳು, ಸೊಸೆಯ ಮುಖ ನೋಡಿದಳು, ಅವಳ ಕೂದಲು ಹಿಡಿದು ಕೆನ್ನೆ ಕೆನ್ನೆ ಬಾರಿಸಿದಳು. ದುಂಡವ್ವ ಕೈ ಅಡ್ಡ ತರಲಿಲ್ಲ.

ಗೈಬುಸಾಬ ಯಲಗೂರಪ್ಪನನ್ನು ಬಂಡಿಯಲ್ಲಿ ತಿಕೋಟಾಕ್ಕೆ ಒಯ್ದ. ಅಲ್ಲಿಂದ ವಿಜಾಪುರದ ದವಾಖಾನೆಗೆ. ರಾಮಲಿಂಗ ಎದ್ದಾಗ ಬಿಸಿಲು ಅಂಗಳಕ್ಕೆ ಬಂದಿತ್ತು. ನಾಲಿಗೆ ಬಾತಿತ್ತು, ಮೈಯೆಲ್ಲ ನೋವು. ರಾತ್ರಿಯದೇನೂ ನೆನಪಿಲ್ಲ.

"ಅಣ್ಣ ಎಲ್ಲಿ?"

"ನಿನ್ನ ಹೇಂತಿನ್ನ ಕೇಳು," ಎಂದಳು ತಾಯವ್ವ ಬಾಗಿಲಲ್ಲಿ ಕೂತು. "ಅವನ ಕಣ್ಣಿಗೇ ಬರಿ ಇಟ್ಟಾಳ, ರಾಕ್ಷಸಿ."

ಅವನು ಹೆಂಡತಿಯನ್ನು ನೋಡಿದ. ಒಡೆದ ಹುಬ್ಬು, ಬಾತ ಕೆನ್ನೆ. "ಸಣ್ಣಾಂವಿದ್ದಾಗಿಂದ ನನ್ನ ಹೆಗಲಮ್ಯಾಲ ಹೊತ್ತ ತಿರಗ್ಯಾನ ಅಂವ. ಖರೇನ ಇದು?"

ಅವನ ಬಲಗೈ ತೊಡೆಯ ಮೇಲಿತ್ತು. ಹೇಳಿದರೆ ಆ ಕೈಯನ್ನು ಅವನು ಹೇಗೆ ನೋಡಿಯಾನು? ಬಾಗಿಲಲ್ಲಿ ಸರಪಳಿಯ ಮಾತೆತ್ತಿದ್ದ ಅತ್ತೆಯ ಕಿವಿ ಬೇರೆ ಇತ್ತು.

"ಖರೇ ರೀ. ನಾನ ಇಟ್ಟೇನಿ."

ಅವನು ಮುಖ ತಿರುಗಿಸಿದ. ದುಂಡವ್ವ ಹಾಲಿನಲ್ಲಿ ರೊಟ್ಟಿ ಮುರಿದು ಮುಂದಿಟ್ಟಳು. ಅವನು ತಾಟು ನೂಕಿದ. ಅವಳು ಮತ್ತೆ ಮುಂದಿಟ್ಟು, ಅವನು ಉಣ್ಣುವ ತನಕ ಕದಲದೆ ಕೂತಳು. ನಾಳೆ ಪಂಚರು ಕೂಡಿಸಿ ಕೇಳುತ್ತಾರೆ, ತವರಿನವರು ಬಂದು ಅಳುತ್ತಾರೆ, ಡಾಕ್ಟರೂ ಕೇಳಬಹುದು. ಯಾರಿಗೂ ಹೇಳುವುದಿಲ್ಲ, ಇವನಿಗಂತೂ ಸಾಯುವವರೆಗೂ ಇಲ್ಲ ಎಂದು ಆಗಲೇ ನಿಶ್ಚಯಿಸಿದಳು.