ಬಲಬಾಗಿಲ ದೊಡ್ಡಮ್ಮ

ಭಾನುವಾರ ಬೆಳಿಗ್ಗೆ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹೆಗಲಿಗೆ ಮೂರು ಚಿನ್ನದ ಬಣ್ಣದ ಪಟ್ಟಿ ಸಿಕ್ಕಿಸಿಕೊಂಡು, ತಲೆಗೆ ಪೈಲಟ್ ಟೋಪಿ ಇಟ್ಟು, ಮಲಗುವ ಕೋಣೆಯಿಂದ ಪಕ್ಕದ ಕೋಣೆಗೆ ಡ್ಯೂಟಿಗೆ ಹೋಗುವ ಮನುಷ್ಯನನ್ನು ನೀವು ನೋಡಿರಲಿಕ್ಕಿಲ್ಲ. ಸೊಂಟದ ಕೆಳಗೆ ಮಾತ್ರ ಮೊಣಕಾಲು ಸವೆದ ಪೈಜಾಮ. ಕ್ಯಾಮೆರಾ ಅಲ್ಲಿಯವರೆಗೆ ಬರುವುದಿಲ್ಲವಲ್ಲ!

ಈತ ವಾರದ ಆರು ದಿನ ಕನ್ನಡಕದಂಗಡಿಯವ. ಏಳನೆಯ ದಿನ ಕ್ಯಾಪ್ಟನ್ ಲೆನ್ಸ್. ಈ ಹೆಸರು ಕೊಟ್ಟದ್ದು ಅವನ ಕ್ಲಬ್ಬು. ಹಳೆಯ ಕಾಲದ ವಿಮಾನಗಳನ್ನು ಕಂಪ್ಯೂಟರಿನಲ್ಲಿ ಹಾರಿಸಿ, ಈಗ ನೆಲದ ಮೇಲೆ ಇಲ್ಲದ ನಿಲ್ದಾಣಗಳಿಗೆ ಇಳಿಸಿ, ಆಮೇಲೆ ಒಬ್ಬರಿಗೊಬ್ಬರು ಹೆಡ್‌ಫೋನಿನಲ್ಲಿ ಶಭಾಷ್ ಅಂದುಕೊಳ್ಳುವ ನಲವತ್ತು ಜನರ ಕ್ಲಬ್ಬು ಅದು. ಅದರ ಅಧ್ಯಕ್ಷರಿಗೆ ಮಹಾಕ್ಯಾಪ್ಟನ್ ಎಂದು ಹೆಸರು. ದಾಖಲೆ ಇಲಾಖೆಯಿಂದ ನಿವೃತ್ತರಾದ ಇವರಿಗೆ ಲಿಫ್ಟಿನಲ್ಲಿ ಮೂರನೇ ಮಹಡಿ ದಾಟಿದರೆ ತಲೆ ಸುತ್ತುತ್ತಿತ್ತು. ಹಾರಾಟದ ವಿಷಯದಲ್ಲಿ ಮಾತ್ರ ಅವರ ಮಾತಿಗೆ ಎದುರಿಲ್ಲ.

"ರೀ, ಇಳಿದ್ರಾ, ಇನ್ನೂ ಮೇಲೇ ಇದ್ದೀರಾ? ಗ್ಯಾಸ್ ಮುಗ್ದಿದೆ," ಎಂದು ಹೆಂಡತಿ ಬಾಗಿಲು ತಟ್ಟಿದರೆ, "ಲ್ಯಾಂಡಿಂಗ್ ಟೈಮಲ್ಲಿ ಮಾತಾಡಿಸ್ಬೇಡ ಅಂತ ಎಷ್ಟು ಸಲ ಹೇಳ್ಲಿ?" ಎಂದು ಇವನು ಹಲ್ಲು ಕಚ್ಚುತ್ತಿದ್ದ.

"ಹಾಗಾದ್ರೆ ಊಟನೂ ಆಕಾಶದಲ್ಲೇ ಕೊಡ್ತಾರಾ ಕೇಳಿ ನೋಡಿ."

ಕಳೆದ ಎಂಟು ತಿಂಗಳಿಂದ ಇವನಿಗೆ ಹಿಡಿದಿದ್ದ ಹುಚ್ಚೇ ಬೇರೆ. ಊರಾಚೆ ಒಂದು ಕಾಲಕ್ಕೆ ಚಿಕ್ಕದೊಂದು ವಿಮಾನ ನಿಲ್ದಾಣವಿತ್ತು. ಮುಚ್ಚಿ ದಶಕಗಳಾಗಿ, ಈಗ ಅಲ್ಲಿ ಪೀಠೋಪಕರಣದ ಗೋದಾಮು ನಿಂತಿದೆ. ಅದನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟುತ್ತೇನೆ ಎಂದು ಹೊರಟ. ಹಳೆಯ ನಕ್ಷೆಯಲ್ಲಿ ಉಳಿದದ್ದು ರನ್‌ವೇ ಗೀಟೊಂದೇ. ಕಟ್ಟಡಗಳಿಗೆ ಇದ್ದ ಆಧಾರ ಒಂದೇ ಒಂದು ಫೋಟೋ. ಮಹಾಕ್ಯಾಪ್ಟನ್ ಸ್ವತಃ, ಬೆಳಕಿಗೆ ಹಿಡಿದು ನೋಡುವಂಥ ಒಂದು ಹಳೆಯ ಫಿಲ್ಮ್ ಸ್ಲೈಡನ್ನು ಸ್ಕ್ಯಾನ್ ಮಾಡಿ, ಕ್ಲಬ್ಬಿನ ಸಂಗ್ರಹಕ್ಕೆ ಕೊಟ್ಟಿದ್ದರು. ಅದರಲ್ಲಿ ನಾಲ್ಕು ಫ್ಯಾನಿನ ದೊಡ್ಡ ವಿಮಾನವೊಂದು ನಿಂತಿತ್ತು. ಕ್ಲಬ್ಬಿನವರು ಈ ಜಾತಿಯ ವಿಮಾನವನ್ನು ಪ್ರೀತಿಯಿಂದ ದೊಡ್ಡಮ್ಮ ಅನ್ನುತ್ತಾರೆ. ಹಿಂದೆ ಗೋಪುರ, ಅದರಲ್ಲೊಂದು ಅಂಕಿಯಿಲ್ಲದ ಬರೀ ಗೀಟಿನ ಗಡಿಯಾರ, ಪಕ್ಕದಲ್ಲಿ ತಗಡಿನ ಕಟ್ಟಡ. ಮೆಟ್ಟಿಲ ಹತ್ತಿರ ತಲೆಗೆ ಟವೆಲ್ ಸುತ್ತಿ, ಬಲ ಹೆಗಲ ಮೇಲೆ ಗಂಟು ಹೊತ್ತ ಯಾರೋ ಒಬ್ಬರು. ನಾಮಫಲಕವೊಂದಿತ್ತು, ಅದು ಬಿಸಿಲಿಗೆ ಬೆಳ್ಳಗಾಗಿ ಒಂದಕ್ಷರವೂ ಕಾಣುತ್ತಿರಲಿಲ್ಲ.

ಒಂದು ತೊಡಕಿತ್ತು. ಹತ್ತುವ ಬಾಗಿಲು ವಿಮಾನದ ಎಡಕ್ಕಿರುತ್ತದೆ, ಅದು ಈ ಹವ್ಯಾಸದ ಹಸುಗೂಸಿಗೂ ಗೊತ್ತು. ಈ ದೊಡ್ಡಮ್ಮನಿಗೆ ಬಲಕ್ಕಿತ್ತು! ಬೇರೆಯವರಾಗಿದ್ದರೆ ಫೋಟೋವನ್ನು ಅನುಮಾನಿಸುತ್ತಿದ್ದರೇನೋ. ನಮ್ಮ ಕ್ಯಾಪ್ಟನ್ ಲೆನ್ಸ್ ವಿಮಾನವನ್ನು ಅನುಮಾನಿಸಿದ. 'ಬಲಬಾಗಿಲ ದೊಡ್ಡಮ್ಮ: ಒಂದು ಮರೆತುಹೋದ ಮಾದರಿ' ಎಂದು ಹನ್ನೊಂದು ಪುಟದ ಲೇಖನ ಬರೆದ. ಅಡಿಟಿಪ್ಪಣಿಗಳೇ ನಲವತ್ತಾರು. ಗೋಪುರದ ಗಡಿಯಾರ ಎಂಟೂ ಇಪ್ಪತ್ತು ತೋರಿಸುತ್ತಿತ್ತು, ಅದರಿಂದ ಒಂದು ಬೆಳಗಿನ ವಿಮಾನವನ್ನೂ ಅದರ ವೇಳಾಪಟ್ಟಿಯನ್ನೂ ಹುಟ್ಟಿಸಿದ. ಗಂಟು ಹೊತ್ತವರಿಗೆ ಪೋರ್ಟರ್ ಕೆಲಸ ಕೊಟ್ಟ. ಕ್ಲಬ್ಬು ತಲೆದೂಗಿತು. ಬರುವ ಭಾನುವಾರ ಹನ್ನೊಂದಕ್ಕೆ ಎಲ್ಲರೂ ಆ ನಿಲ್ದಾಣಕ್ಕೆ ಇಳಿಯುವುದು, ಮಹಾಕ್ಯಾಪ್ಟನ್ ಇವನಿಗೆ ನಾಲ್ಕನೇ ಪಟ್ಟಿ ಘೋಷಿಸುವುದು ಎಂದು ತೀರ್ಮಾನವಾಯಿತು. ನಾಲ್ಕನೇ ಪಟ್ಟಿ ಅಂದರೆ ಪೂರ್ಣ ಕ್ಯಾಪ್ಟನ್. ಆರು ವರ್ಷದಿಂದ ಇವನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದದ್ದು ಅದಕ್ಕೇ. ಚಿನ್ನದ ರಿಬ್ಬನ್ ಮೊದಲೇ ತಂದಿಟ್ಟಿದ್ದ.

ಆ ವಾರವೇ ಅತ್ತೆ ಬಂದರು. ಹೆಂಡತಿಯ ತಾಯಿ, ಮಾತು ಕಡಿಮೆ, ಕೂತಲ್ಲೇ ಏನಾದರೂ ಮಡಚುತ್ತಿರುವ ಕೈ. ರಿಬ್ಬನ್ ಯಾವ ನಿಲ್ದಾಣಕ್ಕೆಂದು ಆಗಷ್ಟೇ ಕೇಳಿ ತಿಳಿದ ಹೆಂಡತಿ ನಗುತ್ತಾ ಹೇಳಿದಳು:

"ಅಮ್ಮ ಅಲ್ಲೇ ತಾನೆ ಕೆಲ್ಸಕ್ಕಿದ್ದಿದ್ದು."

"ಎಲ್ಲಿ?"

"ಅದೇ ಏರೋಪ್ಲೇನ್ ನಿಲ್ತಿದ್ದ ಜಾಗ್ದಲ್ಲಿ. ಲಾಂಡ್ರೀಲಿ. ಒಂಬತ್ತು ವರ್ಷ."

ಮದುವೆಯಾಗಿ ಹನ್ನೆರಡು ವರ್ಷ. ಅತ್ತೆ ಎಲ್ಲೋ ಲಾಂಡ್ರಿಯಲ್ಲಿದ್ದರು ಎಂದು ಇವನಿಗೆ ಗೊತ್ತಿತ್ತು. ಎಲ್ಲಿ ಎಂದು ಕೇಳುವ ಪುರುಸೊತ್ತು ಸಿಕ್ಕಿರಲಿಲ್ಲ. ಈಗ ಕುರ್ಚಿಯಿಂದ ಎದ್ದೇಬಿಟ್ಟ. ಬದುಕಿರುವ ಸಾಕ್ಷಿ! ಅತ್ತೆಯನ್ನು ಒಂದು ಮಾತೂ ಕೇಳದೆ ಕ್ಲಬ್ಬಿಗೆ ಸಂದೇಶ ಬಿಟ್ಟ: 'ಭಾನುವಾರದ ವಿಶೇಷ ಅತಿಥಿ, ಅಲ್ಲಿಯೇ ಸೇವೆ ಸಲ್ಲಿಸಿದ ಹಿರಿಯರು.' ಅದಾದ ಮೇಲೆಯೇ ಅವರನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದು.

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. ಬಗ್ಗಿ ನೋಡಿದರು.

"ಇದು ನಮ್ದಲ್ಲ, ಅಳಿಯಂದ್ರೇ."

"ನಿಮ್ದೇ ಅತ್ತೆ! ಸರಿಯಾಗಿ ನೋಡಿ. ಗೋಪುರ ಇದೆ, ಗಡಿಯಾರ ಇದೆ..."

"ಗೋಪುರ ಆ ಕಡೆ ಇತ್ತು. ಲಾಂಡ್ರಿಯಿಂದ ಮೆಟ್ಟಿಲಿಗೆ ಮೂವತ್ತು ಹೆಜ್ಜೆ, ಈ ಕಡೆಯಿಂದ. ತಲೆ ಒರಗೋ ಜಾಗದ ಬಿಳಿ ಬಟ್ಟೆ ನಾನೇ ಹೊತ್ಕೊಂಡ್ ಹೋಗಿ ಸೀಟಿಗೆ ಹಾಕ್ತಿದ್ದೆ. ಇದೇನು ಬೆಳಿಗ್ಗೆ ಎಂಟೂ ಇಪ್ಪತ್ತು? ಆ ಹೊತ್ತಲ್ಲಿ ಅಲ್ಲಿ ನಾಯಿನೂ ಇರ್ತಿರ್ಲಿಲ್ಲ. ಪ್ಲೇನ್ ಬರ್ತಿದ್ದಿದ್ದು ಮಧ್ಯಾಹ್ನದ ಮೇಲೆ."

"ಫೋಟೋ ಸುಳ್ಳು ಹೇಳುತ್ತಾ ಅತ್ತೆ? ನಿಮ್ಮ ಕನ್ನಡಕ ಎಷ್ಟು ವರ್ಷದ್ದು?"

"ಏಳೋ ಎಂಟೋ."

"ಅದೇ ಮತ್ತೆ!" ಎಂದು ಇವನು ಉಸಿರು ಬಿಟ್ಟ. ಅಳಿಯ ಕನ್ನಡಕದಂಗಡಿಯವನಾಗಿದ್ದೂ ಅತ್ತೆಗೆ ಎಂಟು ವರ್ಷ ಕನ್ನಡಕ ಬದಲಾಗಿಲ್ಲ ಎಂಬುದು ನಾಚಿಕೆಯ ವಿಷಯ. ಇವನಿಗದು ಆಗ ಸಮಾಧಾನದ ವಿಷಯವಾಗಿ ಕಂಡಿತು.

ಗುರುವಾರ ಅತ್ತೆಯನ್ನು ಅಂಗಡಿಗೆ ಕರೆದೊಯ್ದ. ಕಣ್ಣು ಪರೀಕ್ಷೆಯ ಕೋಣೆ ಚಿಕ್ಕದು, ಅಕ್ಷರದ ಪಟ್ಟಿಯನ್ನು ದೂರ ಇಡಲು ಜಾಗವಿಲ್ಲ. ಇಂಥ ಕೋಣೆಗಳಲ್ಲಿ ಮಾಡುವಂತೆ ಇಲ್ಲಿಯೂ ತಿರುಗುಮುರುಗು ಅಚ್ಚಾದ ಅಕ್ಷರಗಳನ್ನು ಕುರ್ಚಿಯ ಹಿಂದಿನ ಗೋಡೆಗೆ ತೂಗುಹಾಕಿ, ಎದುರಿಗೊಂದು ಕನ್ನಡಿ ನಿಲ್ಲಿಸಿದ್ದ. ಕೂತವರು ಕನ್ನಡಿಯಲ್ಲಿ ನೋಡಿ ಓದಬೇಕು, ಆಗ ಅಕ್ಷರ ಸರಿಯಾಗಿ ಕಾಣುತ್ತದೆ. ಅಕ್ಷರದ ಪಟ್ಟಿಯ ಪಕ್ಕದಲ್ಲೇ, ಬಂದವರೆಲ್ಲ ನೋಡಲಿ ಎಂದು, ದೊಡ್ಡಮ್ಮನ ಫೋಟೋಗೆ ಚೌಕಟ್ಟು ಹಾಕಿಸಿ ನೇತುಹಾಕಿದ್ದ.

ಕಣ್ಣು ಪರೀಕ್ಷೆಯ ಭಾರವಾದ ಕನ್ನಡಕವನ್ನು ಅತ್ತೆಯ ಮೂಗಿನ ಮೇಲಿಟ್ಟು ಗಾಜು ಬದಲಾಯಿಸುತ್ತಿದ್ದ. "ಈಗ?... ಈಗ?" ಮೂರನೆಯ ಗಾಜಿಗೆ ಅತ್ತೆ ಕುರ್ಚಿಯಲ್ಲೇ ನೆಟ್ಟಗಾದರು.

"ಅಯ್ಯೋ, ಅದು ನಮ್ಮ ಲಾಂಡ್ರಿ!"

"ನೋಡಿದ್ರಾ ಅತ್ತೆ!" ಇವನು ಕುಣಿಯುವುದೊಂದು ಬಾಕಿ. "ಕಣ್ಣಿನ ದೋಷ ಅಂತ ಹೇಳಿದ್ನಲ್ಲ!"

"ಅಗೋ ಗಡಿಯಾರ, ಮೂರೂ ನಲವತ್ತು, ಸರಿಯಾದ ಟೈಮು. ಗಂಟು ಹೊತ್ಕೊಂಡಿರೋದು ನಾನೇ. ಟವೆಲ್ ನೋಡಿ. ಲಾಂಡ್ರೀಲಿ ಬಿಸಿ ಅಂದ್ರೆ ಬಿಸಿ, ಅದಿಲ್ಲದೆ ಆಗ್ತಿರ್ಲಿಲ್ಲ."

ಮೂರೂ ನಲವತ್ತು? ಇವನು ಕುರ್ಚಿಯನ್ನು ಹಿಂದಕ್ಕೆ ತಿರುಗಿಸಿ, ಫೋಟೋವನ್ನೇ ನೇರವಾಗಿ ತೋರಿಸಿದ. ಅತ್ತೆಯ ಮುಖ ಸಪ್ಪಗಾಯಿತು. "ಇದಲ್ಲ." ಕನ್ನಡಿಯ ಕಡೆ ತಿರುಗಿಸಿದ. "ಹ್ಞಾ, ಇದು." ಮತ್ತೆ ಫೋಟೋ. "ಇದಲ್ಲ ಅಂದ್ನಲ್ಲ. ತಲೆ ಸುತ್ತುತ್ತೆ, ಬಿಡಿ."

ಫೋಟೋ ಪಕ್ಕದಲ್ಲಿ ತಿರುಗುಮುರುಗು ಅಕ್ಷರಗಳು ಇವನನ್ನೇ ದುರುಗುಟ್ಟಿ ನೋಡುತ್ತಿದ್ದವು. ಇವನು ಅಕ್ಷರಗಳನ್ನೂ ಫೋಟೋವನ್ನೂ ಒಮ್ಮೆ ಕನ್ನಡಿಯಲ್ಲಿ ನೋಡಿದ. ಮಹಾಕ್ಯಾಪ್ಟನ್ ಸ್ಲೈಡನ್ನು ಮಗುಚಿ ಇಟ್ಟು ಸ್ಕ್ಯಾನ್ ಮಾಡಿದ್ದರು. ಎಡ ಬಲವಾಗಿತ್ತು, ಮಧ್ಯಾಹ್ನ ಬೆಳಗಾಗಿತ್ತು. ದಿನಕ್ಕೆ ಇಪ್ಪತ್ತು ಸಲ ಕನ್ನಡಿಯಲ್ಲಿ ಅಕ್ಷರ ಓದಿಸುವವನು ಎಂಟು ತಿಂಗಳು ಕನ್ನಡಿಯೊಳಗಿನ ನಿಲ್ದಾಣ ಕಟ್ಟಿದ್ದ. ಅಷ್ಟೂ ದಿನ ಆ ಕುರ್ಚಿಯಲ್ಲಿ ಕೂತ ಗಿರಾಕಿಗಳೆಲ್ಲ ಸರಿಯಾದ ನಿಲ್ದಾಣವನ್ನು ನೋಡಿ ಹೋಗಿದ್ದರು, ಕಣ್ಣು ಸರಿಯಿಲ್ಲದವರು!

ಆದರೆ ಭಾನುವಾರಕ್ಕೆ ಮೂರೇ ದಿನ ಉಳಿದಿದ್ದವು. ರಿಬ್ಬನ್ ಕಣ್ಣ ಮುಂದೆ ಬಂತು.

"ಅತ್ತೆ," ಎಂದ. "ಭಾನುವಾರ ನೀವು ಬರೀ ನಮಸ್ಕಾರ ಅಂದ್ರೆ ಸಾಕು. ಇದೆಲ್ಲ ಹೇಳೋಕೆ ಹೋಗ್ಬೇಡಿ. ಎಂಟು ತಿಂಗಳ ಕೆಲ್ಸ."

ಅತ್ತೆ ಮೂಗಿನ ಮೇಲಿನ ಭಾರ ಇಳಿಸಿಕೊಂಡರು. "ನಂಗೇನು, ಆಯ್ತು. ನಾನೇನು ಅಲ್ಲಿಗೆ ಮತ್ತೆ ಬಟ್ಟೆ ಒಗೆಯೋಕೆ ಹೋಗ್ಬೇಕಾ?"

ಭಾನುವಾರ ಹನ್ನೊಂದಕ್ಕೆ ಮೂವತ್ತೆಂಟು ದೊಡ್ಡಮ್ಮಗಳು ಒಂದರ ಹಿಂದೊಂದು ಇಳಿದವು. ಎಲ್ಲವುಗಳ ಬಲಬಾಗಿಲು ತೆರೆದವು. ಅತ್ತೆ ಹೊಸ ಕನ್ನಡಕ ಹಾಕಿ, ಕೈ ಜೋಡಿಸಿ, ಕೊಟ್ಟ ಮಾತಿನಂತೆ ನಮಸ್ಕಾರ ಅಂದು ಸುಮ್ಮನಾದರು. ಮಹಾಕ್ಯಾಪ್ಟನ್ ಭಾಷಣ ಶುರುಮಾಡಿದರು. ಅವರ ಹಿಂದಿನ ಕಪಾಟಿನಲ್ಲಿ ಫೈಲುಗಳು ಎತ್ತರದ ಪ್ರಕಾರ ನಿಂತಿದ್ದವು.

"ಈ ಐತಿಹಾಸಿಕ ಚಿತ್ರದಲ್ಲಿ ಗಂಟು ಹೊತ್ತಿರೋ ಪೋರ್ಟರನ್ನ ಗಮನಿಸಿ. ಅವನ ಹೆಸರು ಸಿಕ್ಕಿಲ್ಲ, ಪಾಪ."

"ಅದು ನಾನು," ಎಂದುಬಿಟ್ಟರು ಅತ್ತೆ. ಆಮೇಲೆ ಅಳಿಯನ ಕಡೆ ನೋಡಿ ಬಾಯಿ ಮುಚ್ಚಿಕೊಂಡರು.

ಮಹಾಕ್ಯಾಪ್ಟನ್ ಮಗುವಿನ ಮುಂದೆ ನಗುವಂತೆ ನಕ್ಕರು. "ಇರ್ಲಿ ಅಮ್ಮ. ಪರೀಕ್ಷೆ ಮಾಡೋಣ. ನೀವು ಗಂಟು ಯಾವ ಹೆಗಲ ಮೇಲೆ ಹೊರ್ತಿದ್ರಿ?"

"ಎಡಕ್ಕೆ. ಬಲ ಹೆಗಲು ಚಿಕ್ಕೋಳಿದ್ದಾಗ್ಲೇ ಮುರಿದಿತ್ತು. ಆ ಕೈ ಮೇಲಕ್ಕೇ ಏಳಲ್ಲ."

"ನೋಡಿದ್ರಾ ಕ್ಯಾಪ್ಟನ್‌ಗಳೇ! ಚಿತ್ರದಲ್ಲಿ ಬಲ ಹೆಗಲು. ಅಂದ್ಮೇಲೆ ಇದು ನೀವಲ್ಲಮ್ಮ. ವಯಸ್ಸಾದ್ಮೇಲೆ ನೆನಪು ಹೀಗೇ. ಬೇಜಾರು ಮಾಡ್ಕೋಬೇಡಿ."

ಸ್ಪೀಕರಿನಲ್ಲಿ ಮೂವತ್ತೆಂಟು ಜನ ಕಿಸಕ್ಕೆಂದರು. ಅತ್ತೆ ತಮ್ಮ ಎಡ ಹೆಗಲನ್ನು ಒಮ್ಮೆ ಮುಟ್ಟಿ ನೋಡಿಕೊಂಡರು, ಅದೂ ತಮ್ಮದಲ್ಲವೇನೋ ಎಂಬಂತೆ. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಗಂಡನನ್ನೇ ನೋಡುತ್ತಿದ್ದಳು. ಅವಳು ತಮಾಷೆ ಮಾಡದೆ ಸುಮ್ಮನಿದ್ದ ಮೊದಲ ಭಾನುವಾರ ಅದು.

"ಅದು ಅವರೇ," ಎಂದ ಕನ್ನಡಕದವ. ದನಿ ಇಲಿಯ ದನಿಯಷ್ಟೇ ಬಂತು. ಮತ್ತೊಮ್ಮೆ ಜೋರಾಗಿ ಹೇಳಿದ. "ಅದು ನಮ್ಮತ್ತೇನೇ! ಫೋಟೋ ಉಲ್ಟಾ ಆಗಿದೆ. ಸ್ಲೈಡ್ ಮಗುಚಿ ಸ್ಕ್ಯಾನ್ ಮಾಡಿದ್ದೀರಿ, ಸಾರ್. ಬಾಗಿಲು ಎಡಕ್ಕಿತ್ತು. ಟೈಮು ಮೂರೂ ನಲವತ್ತು. ನಾನು ಕಟ್ಟಿದ್ದು ಪೂರ್ತಿ ತಿರುಗುಮುರುಗು."

ಯಾರದೋ ಮನೆಯ ಮಿಕ್ಸಿ ಮಾತ್ರ ಕೇಳಿಸಿತು. ಸ್ಕ್ಯಾನ್ ಮಾಡಿದವರ ಮುಖ ಕೆಂಪಾಗಿ, ಕಪ್ಪಾಗಿ, ಕೊನೆಗೆ ಅಧ್ಯಕ್ಷರ ಮುಖವಾಯಿತು.

"ದಾಖಲೆ ಏನು?"

"ಅತ್ತೆ."

"ಅತ್ತೆ ದಾಖಲೆ ಅಲ್ಲ, ಕ್ಯಾಪ್ಟನ್ ಲೆನ್ಸ್. ಬಲಬಾಗಿಲ ಬಗ್ಗೆ ಹನ್ನೊಂದು ಪುಟದ ಅಧಿಕೃತ ಲೇಖನ ಇದೆ. ಏಳನೇ ಪುಟ, ಅಡಿಟಿಪ್ಪಣಿ ಮೂವತ್ತೊಂದು: 'ಚಿತ್ರ ತಿರುಗುಮುರುಗು ಆಗಿರಬಹುದೆಂಬ ಅನುಮಾನ ಹುರುಳಿಲ್ಲದ್ದು, ಅಂಥ ತಪ್ಪು ಮಾಡುವವರು ನಮ್ಮ ಸಂಗ್ರಹಕಾರರಲ್ಲ.' ಇದನ್ನ ನೀವು ಓದಿಲ್ವಾ?"

"ಬರ್ದಿದ್ದೇ ನಾನು, ಸಾರ್!"

"ಬರೆಯೋದು ಬೇರೆ, ಅರ್ಥ ಮಾಡ್ಕೊಳ್ಳೋದು ಬೇರೆ."

ಮತಕ್ಕೆ ಹಾಕಿದರು. ಮೂವತ್ತೇಳು ಜನ ಲೇಖನದ ಪರ. ಒಬ್ಬನ ಮೈಕು ಆಫ್ ಆಗಿತ್ತು, ಅದನ್ನೂ ಪರ ಎಂದೇ ಬರೆದುಕೊಂಡರು. ನಾಲ್ಕನೇ ಪಟ್ಟಿ ಲೇಖನಕ್ಕೆ ಸಂದಿತು. ಲೇಖಕನನ್ನು, ಸದರಿ ಲೇಖನಕ್ಕೆ ಅಗೌರವ ತೋರಿದ್ದಕ್ಕೆ, ಆರು ತಿಂಗಳು ಅಮಾನತು ಮಾಡಿದರು. ಪರದೆ ಕಪ್ಪಾಯಿತು.

ಕನ್ನಡಕದವ ಟೋಪಿ ತೆಗೆದು ಮೇಜಿನ ಮೇಲಿಟ್ಟ. ಟೋಪಿಯ ಗೆರೆ ಹಣೆಯ ಮೇಲೆ ಉಳಿದಿತ್ತು.

"ಹೋಯ್ತಾ ಪಟ್ಟಿ?" ಎಂದರು ಅತ್ತೆ.

"ಹೋಯ್ತು."

"ನಾನು ಸುಮ್ನಿರ್ಬೇಕಿತ್ತು. ಬಾಯಿ ತಪ್ಪಿ ಬಂತು."

"ನೀವಲ್ಲ ಅತ್ತೆ. ನಾನು ಹನ್ನೆರಡು ವರ್ಷ ಮುಂಚೆ ಕೇಳ್ಬೇಕಿತ್ತು."

"ಹನ್ನೆರಡು ವರ್ಷಕ್ಕೊಂದು ಒಳ್ಳೇ ಮಾತು," ಎಂದಳು ಹೆಂಡತಿ ಬಾಗಿಲಿಂದ. "ಬಾಯಿಗೆ ಬಂದಾಗ್ಲೇ ಬರ್ದಿಟ್ಕೊಳ್ಳಿ, ಅಡಿಟಿಪ್ಪಣಿ ಹಾಕಿ."

ಎಲ್ಲವನ್ನೂ ಕೆಡವಿ ಎಡಬಲ ಬದಲಿಸಿ ಕಟ್ಟಲು ಇನ್ನೆಷ್ಟು ತಿಂಗಳೋ. ಇವನಿಗೆ ಅಷ್ಟು ತಾಳ್ಮೆ ಇರಲಿಲ್ಲ. ಪೈಜಾಮದಲ್ಲೇ ಸ್ಕೂಟರ್ ಹತ್ತಿ ಅಂಗಡಿಗೆ ಹೋದ, ಪರೀಕ್ಷೆಯ ಕನ್ನಡಿ ಬಿಚ್ಚಿ ತಂದ. ಅದನ್ನು ಪರದೆಯ ಎದುರು ಗೋಡೆಗೆ ಒರಗಿಸಿದ. ಪರದೆಗೆ ಬೆನ್ನು ಮಾಡಿ, ಕನ್ನಡಿಗೆ ಮುಖ ಮಾಡಿ ಅತ್ತೆಯೂ ಅಳಿಯನೂ ಅಕ್ಕಪಕ್ಕ ಕೂತರು. ವಿಮಾನದ ಚುಕ್ಕಾಣಿ ಇವನ ತೊಡೆಯ ಮೇಲೆ.

ಕನ್ನಡಿಯೊಳಗೆ ದೊಡ್ಡಮ್ಮ ಇಳಿದಳು. ಎಲ್ಲ ಸರಿಯಾದ ಜಾಗದಲ್ಲಿತ್ತು. ಗಡಿಯಾರದಲ್ಲಿ ಮೂರೂ ನಲವತ್ತು. ಅತ್ತೆ ಮುಂದಕ್ಕೆ ಬಗ್ಗಿದರು. "ಅಗೋ ನಮ್ಮ ಬಾಗಿಲು. ಕಿಟಕಿ ಮಾತ್ರ ಇಷ್ಟು ಕ್ಲೀನ್ ಯಾವತ್ತೂ ಇರ್ಲಿಲ್ಲ, ಯಾರು ತೊಳ್ದಿದ್ದು?... ಅಲ್ಲೇ ನಿಲ್ಲಿಸಿ. ನಿಲ್ಲಿಸಿ ಅಂದೆ. ತಿರುಗಿಸಿ!"

ಇವನು ತಿರುಗಿಸಿದ. ಕನ್ನಡಿಯಲ್ಲಿ ಲಾಂಡ್ರಿ ಎಡಕ್ಕಿತ್ತು, ಅದನ್ನು ತಪ್ಪಿಸಲು ಚುಕ್ಕಾಣಿಯನ್ನು ಪೂರಾ ಬಲಕ್ಕೆ ಎಳೆದ. ಕನ್ನಡಿಯಲ್ಲಿ ದೊಡ್ಡಮ್ಮ ಎಡಕ್ಕೇ ಹೊರಳಿದಳು. ಆರು ವರ್ಷದ ಅನುಭವವನ್ನೆಲ್ಲ ಒಟ್ಟುಗೂಡಿಸಿ ಇನ್ನೂ ಬಲಕ್ಕೆ ಎಳೆದ. ನಾಲ್ಕು ಫ್ಯಾನೂ ತಿರುಗುತ್ತಿದ್ದ ಹಾಗೇ ವಿಮಾನ ಲಾಂಡ್ರಿಯ ತಗಡಿನ ಗೋಡೆಯೊಳಗೆ ಮೂಗು ತೂರಿಸಿ ನಿಂತಿತು.

ಅತ್ತೆ ಹೊಸ ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡರು.

"ಒಳ್ಳೇದೇ ಆಯ್ತು ಬಿಡಿ, ಅಳಿಯಂದ್ರೇ," ಎಂದರು. "ಮೂವತ್ತು ಹೆಜ್ಜೆ ಉಳೀತು."