ಮಸಿ ಇಳಿಯದ ಬೇರು

ನಾನು ಒಂದು ಮುಂದಿನ ಹಲ್ಲು. ಶಹನಾಯಿ ಯಮನಪ್ಪನ ಮೇಲ್ದವಡೆಯಲ್ಲಿ, ಹಾಲುಹಲ್ಲು ಬಿದ್ದ ಜಾಗದಲ್ಲಿ ಕಣ್ಣುಬಿಟ್ಟೆ. ಅವನು ಶಹನಾಯಿಯ ಪೀಪಿಯನ್ನು ತುಟಿಗಿಟ್ಟಾಗ ಹಿಂದಿನಿಂದ ತುಟಿಗೆ ಆಸರೆಯಾಗುವುದು ನನ್ನ ಕೆಲಸ. ಎಷ್ಟೋ ಮದುವೆಗಳ ಅಕ್ಷತೆ ಬಿದ್ದದ್ದು ನನ್ನಿಂದಲೇ ಎಂದು ಬೀಗುತ್ತಿದ್ದೆ.

ಒಂದು ವರ್ಷ ನನ್ನೊಳಗಿನ ನರ ಕೊಳೆಯಿತು. ಯಮನಪ್ಪ ತುಟಿ ಊದಿಸಿಕೊಂಡು ದಂತ ಕಾಲೇಜಿಗೆ ಹೋದ. ಅಲ್ಲಿ ಡಾಕ್ಟರ್ ತೇಜಸ್ವಿನಿ ಎಕ್ಸ್‌ರೇ ಎತ್ತಿ ನೋಡಿದಳು. ಉದ್ದನೆಯ, ನೇರವಾದ ಒಂದೇ ಬೇರು. ಅವಳ ಕಣ್ಣು ಹೊಳೆದವು. ಬದುಕಿದೆ ಅಂದುಕೊಂಡೆ.

ಬೇರಿನ ಕೊಳವೆಯ ಸಂದಿ ಮುಚ್ಚುವ ಸೀಲರ್‌ಗಳಲ್ಲಿ ಯಾವುದು ಮೇಲು ಎಂಬುದು ಅವಳ ಪ್ರಬಂಧದ ವಿಷಯ. ಅದಕ್ಕೆ ಕಿತ್ತ ಹಲ್ಲುಗಳು ಬೇಕಿದ್ದವು.

"ಇನ್ನೂ ಹಲ್ಲು ಕೂಡಿಲ್ಲೇನು? ಕಡೀಕ ನಿನ್ನವೇ ಕಿತ್ತು ಕೊಡ್ತೀ ಏನವಾ?" ಎಂದು ಹಾದುಹೋಗುತ್ತಿದ್ದ ಪ್ರೊಫೆಸರ್ ಹಂಗಿಸಿದರು.

ಅವಳು ಯಮನಪ್ಪನ ಕಡೆ ತಿರುಗಿದಳು. "ಕಾಕಾ, ಇದು ಉಳಿಯೂದಿಲ್ಲ. ತಗಿಯೂದೇ ಚಲೋ."

"ಇದೊಂದು ಉಳಿಸಿಕೊಡು ನಮ್ಮವ್ವಾ. ಪೀಪಿ ಹಿಡಿಯೂ ಹಲ್ಲದು."

"ಡಾಕ್ಟರ್ ನಾನೋ, ನೀವೋ?"

"ನೀವೇ ಬಿಡ್ರೆವಾ" ಎಂದು ನಕ್ಕು ಬಾಯಿ ತೆರೆದ.

ಕೆಲ ದಿನ ನಾನು ಸೀಸೆಯ ನೀರಿನಲ್ಲಿದ್ದೆ. ಆಮೇಲೆ ತೇಜಸ್ವಿನಿ ನನ್ನ ಕೊಳೆತ ನರ ತೆಗೆದಳು, ಬೇರನ್ನು ತೊಳೆದಳು, ಮಗುವಿನ ಕಿವಿಗೆ ಎಣ್ಣೆ ಬಿಡುವಷ್ಟು ಮೆಲ್ಲಗೆ ಸೀಲರ್ ತುಂಬಿದಳು. ಬಾಯಲ್ಲಿದ್ದಾಗ ನನಗೆ ಬೇಕಿದ್ದದ್ದು ಇಷ್ಟೇ.

ಬೇರೆ ಬೇರೆ ಸೀಲರ್ ತುಂಬಿದ ನಮ್ಮನ್ನೆಲ್ಲ, ಎಲ್ಲಿ ಸೋರುತ್ತದೆಂದು ತಿಳಿಯಲು ಮಸಿಯಲ್ಲಿ ನೆನೆಹಾಕಿ, ಉದ್ದಕ್ಕೆ ಸೀಳಿ ನೋಡಿದರು. ಒಂದು ಸೀಲರ್ ಗಟ್ಟಿಯಾಗುವಾಗ ಕುಗ್ಗಿತ್ತು. ಇನ್ನೊಂದು ನೀರಿಗೆ ಕರಗಿತ್ತು. ಆ ಹಲ್ಲುಗಳೊಳಗೆ ಮಸಿ ಇಳಿದಿತ್ತು. ನನ್ನೊಳಗಿನದು ಮಾತ್ರ ಕೂದಲೆಳೆಯ ಸಂದಿಗೂ ಹರಿದು ಕಚ್ಚಿಕೊಂಡಿತ್ತು.

"ಭಲೆ! ಇದು ಬಾಯಾಗ ಇದ್ದಿದ್ರ ಇನ್ನೂ ಇಪ್ಪತ್ತು ವರ್ಷ ಬಾಳತಿತ್ತು" ಎಂದರು ಪ್ರೊಫೆಸರ್. ತೇಜಸ್ವಿನಿ ನನ್ನ ಎರಡೂ ಹೋಳುಗಳನ್ನು ತನ್ನ ಮೇಜಿನ ಮೇಲೆ ಎತ್ತಿಟ್ಟಳು.

ನಾನಿನ್ನೂ ಅವಳ ಮೇಜಿನ ಮೇಲಿದ್ದಾಗ ಯಮನಪ್ಪ ಬಂದ, ಮಗಳ ಮದುವೆಯ ಬುಂದೆ ಉಂಡೆ ಹಿಡಿದುಕೊಂಡು.

"ಮದುವ್ಯಾಗ ನೀವೇ ಊದಿದ್ರೇನು ಕಾಕಾ?"

"ಎಲ್ಲೀದವಾ! ಕಟ್ಟಿಸಿದ ಹಲ್ಲು ಅಲ್ಲಾಡತೈತಿ, ಸ್ವರ ನಿಲ್ಲವಲ್ದು. ಬ್ಯಾರೆಯವ್ರು ಊದಿದ್ರು, ನಾ ಮಗ್ಗಲಕ ಕುಂತು ತಾಳ ಹಾಕಿದೆ. ನಿಮ್ಮದೇನು ತಪ್ಪೈತಿ? ಉಳಿಯೂದಿದ್ರ ನೀವು ಉಳಸ್ತಿದ್ರಿ."

ಅವಳು ಉಂಡೆ ತೆಗೆದುಕೊಂಡಳು. ನನ್ನ ಮೇಲೆ ಹತ್ತಿ ಮುಚ್ಚಿದಳು.

ಅಜ್ಜಿಯರ ಕತೆಗಳಲ್ಲಿ ಕಡಿದು ತುಂಡಾದವರ ಮೇಲೆ ನೀರು ಚಿಮುಕಿಸಿದರೆ ಎದ್ದು ಕೂರುತ್ತಾರೆ. ನಾನು ಎರಡು ಹೋಳಾಗಿ ಕಾಲೇಜಿನ ಗಾಜಿನ ಬೀರುವಿನಲ್ಲಿದ್ದೇನೆ. ಚಿಕಿತ್ಸೆ ಎಂದರೆ ಹೀಗಿರಬೇಕು ಎಂದು ಹೊಸ ವಿದ್ಯಾರ್ಥಿಗಳಿಗೆ ತೋರಿಸುತ್ತಾರೆ. ಯಾರ ಹಲ್ಲು ಎಂದು ಯಾರೂ ಕೇಳುವುದಿಲ್ಲ. ನನಗೀಗ ನೋವಿಲ್ಲ, ಕೊಳೆಯಿಲ್ಲ. ಪೂರ್ತಿ ವಾಸಿಯಾಗಿದ್ದೇನೆ, ಬಾಯಿ ಮಾತ್ರ ಇಲ್ಲ.