ರಾಳ ಹಚ್ಚಿದ ಅರ್ಧ

ಕಲ್ಲಿನ ಮೇಲೆ ಕೆತ್ತಿದ್ದ ಕುದುರೆ ಸವಾರನಿಗೆ ಮುಖವಿರಲಿಲ್ಲ. ರಾಚಯ್ಯ ಕ್ಯಾಮೆರಾದ ಚೀಲವನ್ನು ಹೆಗಲಿಂದ ಇಳಿಸುವುದನ್ನೂ ಮರೆತು ನಿಂತುಬಿಟ್ಟ.

ಬಾದಾಮಿಯ ಆಚೆ ಗುಡ್ಡದ ಬುಡದ ಆ ಊರಿಗೆ ಅವನು ಹಿಂದೆ ಬಂದದ್ದು ಎಂಟು ತಿಂಗಳ ಕೆಳಗೆ, ೧೯೮೩ರ ಬೇಸಿಗೆಯಲ್ಲಿ. ಮರಳುಗಲ್ಲು ಉದುರದಂತೆ ಕಾಯುವ, ನೀರು ಒಳಗೆ ಬಿಡದ, ಕಣ್ಣಿಗೆ ಕಾಣದ ರಾಳದ ಪದರವೊಂದನ್ನು ತಯಾರಿಸುವುದು ವಿಶ್ವವಿದ್ಯಾಲಯದಲ್ಲಿ ಅವನ ಸಂಶೋಧನೆಯಾಗಿತ್ತು. ಪ್ರಯೋಗಾಲಯದಲ್ಲಿ ಅದು ಗೆದ್ದಿತ್ತು. ಇನ್ನು ಬಿಸಿಲು ಮಳೆಯಲ್ಲಿ ನಿಂತ ಹಳೆಯ ಕಲ್ಲೊಂದು ಬೇಕಾಗಿತ್ತು. ಬೀರಪ್ಪನ ಗುಡಿಯ ಮುಂದಿನ ಈ ವೀರಗಲ್ಲನ್ನು ಅವನೇ ಆರಿಸಿದ. ಬಲಗಡೆ ಅರ್ಧಕ್ಕೆ ರಾಳ ಹಚ್ಚಿ, ಎಡಗಡೆ ಅರ್ಧವನ್ನು ಹೋಲಿಕೆಗೆಂದು ಹಾಗೇ ಬಿಟ್ಟ. ಸವಾರನ ಮುಖ ಬಲಗಡೆಗಿತ್ತು. ಫೋಟೋದಲ್ಲಿ ಚೆನ್ನಾಗಿ ಬರುತ್ತದೆ ಎಂಬ ಆಸೆಯೂ ಅದರಲ್ಲಿ ಸೇರಿತ್ತು.

"ಆಗಬಾರದ್ದು ಆತ್ರಿ," ಎಂದ ಗುಡಿಯ ಪೂಜಾರಿ ಮಲಕಪ್ಪ. ಹೆಗಲ ಕಂಬಳಿಯನ್ನು ಕಟ್ಟೆಯ ಮೇಲೆ ಹಾಸಿ ಕೂಡ್ರಲು ಹೇಳಿದ. "ನಿಮ್ಮ ಔಷಧ ಛಲೋನ ಇತ್ತು. ದೀವಳಿಗಿತನಕ ಕಲ್ಲು ಹೊಸಾದರಂಗ ಇತ್ತು. ನಮ್ಮ ಸೊಸಿ ಕೈಯಾಗ ಎಡವಟ್ಟಾತು. ನೀವು ಮನಸಿಗೆ ಹಚ್ಚಿಕೋಬ್ಯಾಡ್ರಿ."

"ಸೋಮವ್ವ ಏನ್ ಮಾಡಿದ್ಲು?"

ಉತ್ತರ ಕೊಟ್ಟವಳು ಮಲಕಪ್ಪನ ಹೆಂಡತಿ ಸಾವಂತ್ರವ್ವ. "ಮುಟ್ಟಬಾರದ ದಿನದಾಗ ನೀರು ಹಾಕ್ಯಾಳ. ಕೇಳಿದ್ರ ಇಲ್ಲ ಅಂತಾಳ. ಕಲ್ಲು ಸುಳ್ಳ ಹೇಳತೈತೇನ್ರಿ? ಹುನಗುಂದದ ಕಡಿ ತವರಮನಿಗೆ ಕಳಿಸೇವಿ. ಈ ಅಮಾಸಿಗೆ ಹಿರ್ಯಾರು ಕೂಡ್ತಾರ. ಕರಸೂದೋ ಬಿಡೂದೋ ಅವರ ಹೇಳ್ತಾರ."

ರಾಚಯ್ಯನಿಗೆ ಸೋಮವ್ವನ ನಗು ನೆನಪಾಯಿತು. ಆ ಕಲ್ಲಿಗೆ ವಾರವಾರವೂ ಎಣ್ಣೆ ಹಚ್ಚಿ ನೀರೆರೆಯುವುದು ಆ ಮನೆಯ ಸೊಸೆಯಂದಿರ ಕೆಲಸ. ತಲೆತಲಾಂತರದ ಎಣ್ಣೆಯನ್ನು ಅವನು ಅರಿವೆಯಿಂದ ಒರೆಸಿ ತೆಗೆಯುವಾಗ ಅವಳು, "ದೇವರಿಗೆ ಎಣ್ಣಿ ಬಿಡಿಸಾಕ ಇಷ್ಟು ಸಾಲಿ ಕಲೀಬೇಕೇನ್ರಿ?" ಎಂದಿದ್ದಳು. ಆದರೂ ಅತ್ತೆಯ ಗೊಣಗಾಟ ಕೇಳಿಸಿಕೊಂಡೇ ಎಣ್ಣೆ ನಿಲ್ಲಿಸಲು ಒಪ್ಪಿದ್ದಳು. "ನೀರು?" ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟು: "ನೀರಿಗೆ ಅಂಜಬ್ಯಾಡ ತಂಗಿ. ಎಷ್ಟ ಬೇಕಾದ್ರೂ ಹಾಕು."

ಅವನು ಕಲ್ಲಿನ ಹತ್ತಿರ ಹೋಗಿ ಬಾಗಿ ನೋಡಿದ. ಮುಖ ಚೂರುಚೂರಾಗಿ ಉದುರಿರಲಿಲ್ಲ. ರೊಟ್ಟಿಯ ಮೇಲ್ಪದರ ಎದ್ದಂತೆ ಇಡಿಯಾಗಿ ಕಳಚಿತ್ತು. ಕಳಚಿದ ಅಂಚು ಮೇಲಿಂದ ಕೆಳಗೆ ನೆಟ್ಟಗೆ ಇಳಿದು, ಅವನು ದಾರ ಹಿಡಿದು ಗುರುತು ಮಾಡಿದ್ದ ಗೆರೆಯ ಮೇಲೇ ನಿಂತಿತ್ತು. ಎಡಗಡೆಯ ಅರ್ಧಕ್ಕೆ ಏನೂ ಆಗಿರಲಿಲ್ಲ.

ಕಳಚಿದ್ದು ರಾಳ ಹಚ್ಚಿದ ಕಡೆಯಷ್ಟೇ ಎಂದು ಅವನಿಗೆ ತಿಳಿಯಿತು. ಫೋಟೋ ತೆಗೆದುಕೊಂಡ, ಸಾವಂತ್ರವ್ವ ಕೊಟ್ಟ ಚಹಾ ಕುಡಿದ, ಇಳಿಮಧ್ಯಾಹ್ನದ ಬಸ್ಸು ಹತ್ತಿದ. ಮಲಕಪ್ಪ ಬಸ್ಸಿನತನಕ ಬಂದು ಮತ್ತೊಮ್ಮೆ ಕ್ಷಮೆ ಕೇಳಿದ.

ಪ್ರಯೋಗಾಲಯಕ್ಕೆ ಮರಳಿದವನು ಒಂದು ಕಲ್ಲಿನ ತುಂಡಿಗೆ ಅರ್ಧ ಮಾತ್ರ ರಾಳ ಹಚ್ಚಿ, ಆ ಊರ ಬಾವಿನೀರಿನಂತೆ ಉಪ್ಪು ಬೆರೆತ ನೀರು ಕುಡಿಸಿ, ಒಣಗಿಸಿ, ಮತ್ತೆ ಕುಡಿಸಿದ. ಹಿಂದಿನ ಪ್ರಯೋಗಗಳಲ್ಲೆಲ್ಲ ತುಂಡಿನ ಎಲ್ಲ ಮಗ್ಗುಲಿಗೂ ರಾಳ ಹಚ್ಚಿದ್ದ. ಆಗ ನೀರಿಗೆ ಒಳಗೆ ಹೋಗಲು ದಾರಿಯೇ ಇರಲಿಲ್ಲ. ಆ ವರ್ಷವಷ್ಟೇ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರು ಬಂದಿತ್ತು. ಅದರ ತಂಪು ಕೋಣೆಗೆ ಎಲ್ಲರೂ ಗುಡಿಗೆ ಹೋದಂತೆ ಚಪ್ಪಲಿ ಬಿಟ್ಟು ಹೋಗುತ್ತಿದ್ದರು. ರಾಳ ಹಚ್ಚಿದ ಕಲ್ಲು ನೀರನ್ನೇ ಕುಡಿಯುವುದಿಲ್ಲವೆಂದು ಅದು ನಕ್ಷೆ ಬರೆದುಕೊಟ್ಟಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ, ಇವನು ಕೇಳಿದ್ದೇ ಅಷ್ಟು. ಈಗ ರಾಳವಿಲ್ಲದ ಅರ್ಧದಿಂದ ನೀರು ಒಳಗೆ ನುಗ್ಗಿತು. ರಾಳದ ಕಡೆಯಿಂದ ಹೊರಬರಲು ದಾರಿ ಸಿಗದೆ, ಉಪ್ಪನ್ನು ಪದರದ ಹಿಂದೆ ಬಿಟ್ಟು ಆರಿತು. ಉಪ್ಪು ಹರಳುಗಟ್ಟಿ ಕಲ್ಲಿನ ತೊಗಲನ್ನೇ ಒಳಗಿನಿಂದ ನೂಕಿತು. ಬೆರಳಿನಿಂದ ತಟ್ಟಿದರೆ ತುಂಡು ಟೊಳ್ಳು ಸದ್ದು ಮಾಡಿತು.

ಹೋಲಿಕೆಗೆಂದು ಅಷ್ಟು ಜತನದಿಂದ ಬಿಟ್ಟಿದ್ದ ಅರ್ಧವೇ ನೀರಿಗೆ ಬಾಗಿಲಾಗಿತ್ತು. ಅದರ ಮೇಲೆ ಎಷ್ಟು ಬೇಕಾದರೂ ನೀರು ಹಾಕು ಎಂದವನು ತಾನೇ.

ಮಾರ್ಗದರ್ಶಕ ಪ್ರೊಫೆಸರು ತುಂಡನ್ನು ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. "ಸೆಮಿನಾರಿಗೆ ದೀಪಾವಳಿಗೆ ಮುಂಚಿನ ಫೋಟೋ ತೋರಿಸು. ಅದೇನೂ ಸುಳ್ಳಲ್ಲವಲ್ಲ. ಇದನ್ನ ಮುಂದೆ ನೋಡೋಣ."

"ಸರ್, ಅಲ್ಲಿ ಒಬ್ಬ ಹೆಣ್ಣುಮಗಳನ್ನ ಮನೆ ಬಿಡಿಸಿದ್ದಾರೆ."

"ಅದು ರಸಾಯನಶಾಸ್ತ್ರ ಅಲ್ಲಪ್ಪ."

ಸೆಮಿನಾರು ಅಮಾವಾಸ್ಯೆಯ ದಿನವೇ ಇತ್ತು. ಆ ಬೆಳಗ್ಗೆ ರಾಚಯ್ಯ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಲ್ಲಿನ ತುಂಡನ್ನು ಟವೆಲಿನಲ್ಲಿ ಸುತ್ತಿಕೊಂಡು ಬಾದಾಮಿಯ ಬಸ್ಸು ಹತ್ತಿದ. ಹುಬ್ಬಳ್ಳಿ ದಾಟುವತನಕವೂ ಇಳಿದು ಹಿಂದಿರುಗಿದರೆ ಸೆಮಿನಾರು ಸಿಗುತ್ತದೆಯೇ ಎಂದು ಲೆಕ್ಕ ಹಾಕುತ್ತಲೇ ಇದ್ದ.

ಗುಡಿಯ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು. ರಾಚಯ್ಯ, "ತಪ್ಪು ಸೋಮವ್ವಂದಲ್ರಿ, ನಂದು," ಎಂದ. ಒಬ್ಬ ಮುದುಕ ನಕ್ಕ. "ಸಾಲಿ ಕಲ್ತ ಮಂದಿ ಮನಸು ಮೆತ್ತಗ. ಹೆಣ್ಣಮಗಳ ಮ್ಯಾಲಿನ ಕರುಣಕ್ಕ ಹಿಂಗಂತೀರಿ. ಕುಂಡ್ರಿ, ಕುಂಡ್ರಿ."

ಅವನು ಕೂರಲಿಲ್ಲ. ತಂಬಿಗೆ ನೀರು ಕೇಳಿ ಪಡೆದು ಕಲ್ಲಿಗೆ ಎರಚಿದ. ಎಡಗಡೆಯ ಕಲ್ಲು ನೀರು ಹೀರಿ ಕಪ್ಪಾಯಿತು. ಬಲಗಡೆ ರಾಳ ಉಳಿದಿದ್ದಲ್ಲಿ ಹನಿಗಳು ಜಿಡ್ಡು ಹಂಚಿನ ಮೇಲೆ ಹೊರಳಿದಂತೆ ಉರುಳಿ ಬಿದ್ದವು. ನಡುವೆ ಗೆರೆ ಸ್ಪಷ್ಟವಾಗಿ ಕಂಡಿತು.

"ಈ ಗೆರಿ ನಾ ಹಾಕಿದ್ದು. ದೇವರು ಸಿಟ್ಟಾಗಿದ್ರ ಮುಖ ದಾರ ಹಿಡದಂಗ ನೆಟ್ಟಗ ಕಳಚತಿತ್ತೇನ್ರಿ?" ಎನ್ನುತ್ತ ಟವೆಲು ಬಿಚ್ಚಿ ತುಂಡನ್ನು ಮಲಕಪ್ಪನ ಕೈಗಿಟ್ಟ. ಮಲಕಪ್ಪ ಉಗುರಿನಿಂದ ಕೆದಕಿದ. ರಾಳದ ಪದರ ಕಲ್ಲಿನ ಸಮೇತ ಎದ್ದು ಬಂದಿತು. ಹಿಂದೆ ಬಿಳಿ ಉಪ್ಪು. ಅವನು ಅದನ್ನು ನಾಲಿಗೆಗೆ ಹಚ್ಚಿ ನೋಡಿದ.

"ಇದಕ್ಕ ನಮ್ಮ ಸೋಮವ್ವನ ಕೈ ಹತ್ತಿಲ್ಲಲ್ಲ?"

"ಇಲ್ರಿ. ಇದು ನನ್ನ ಪ್ರಯೋಗದ ಕ್ವಾಣ್ಯಾಗ ಆಗಿದ್ದು."

ಸಾವಂತ್ರವ್ವ ಗುಡಿಯ ಪಕ್ಕದ ಮನೆಯ ಬಾಗಿಲಲ್ಲಿ ನಿಂತೇ ಕೇಳಿದಳು: "ಹಂಗಾರ ಅವತ್ತ ಯಾಕ ಬಾಯಿ ಬಿಡಲಿಲ್ಲ? ಚಾ ಕುಡದು ಹೋದ್ರಲ್ಲ."

"ಅಂಜಿದ್ನಿರಿ."

"ನಮಗ ಅಂಜಿದ್ರೇನು?"

"ನಿಮಗಲ್ಲ," ಎಂದ ರಾಚಯ್ಯ.

ಮಲಕಪ್ಪನ ಮಗ, ಸೋಮವ್ವನ ಗಂಡ ಮುದಕಪ್ಪ ಕುರಿಗಳನ್ನು ತಮ್ಮನಿಗೊಪ್ಪಿಸಿ ಆಗಲೇ ಹುನಗುಂದದ ದಾರಿ ಹಿಡಿದ. ರಾಚಯ್ಯ ಬಾದಾಮಿಯಲ್ಲಿ ಉಳಿದು ಮರುದಿನ ಮತ್ತೆ ಬಂದ. ಬರಬೇಕೆಂದು ಯಾರೂ ಹೇಳಿರಲಿಲ್ಲ.

ಸೋಮವ್ವ ಗಂಡನ ಹಿಂದೆ ಬಂದಳು. ಸೊರಗಿದ್ದಳು. ಸಾವಂತ್ರವ್ವ ಏನೂ ಆಗಿಲ್ಲವೆಂಬಂತೆ, "ಕೈಕಾಲು ತೊಳ್ಕೋ, ರೊಟ್ಟಿ ಐತಿ," ಎಂದಳು. ಮಲಕಪ್ಪ ಗುಡಿಯೊಳಗಿಂದ ಎಣ್ಣೆಯ ಬಟ್ಟಲು ತಂದು ಸೊಸೆಯ ಮುಂದೆ ಹಿಡಿದ. "ಹಚ್ಚವ್ವ. ಮೊದಲಿನಂಗ ನಿನ್ನ ಕೈಲೇ ಆಗಲಿ."

ಅವಳು ಬಟ್ಟಲು ಹಿಡಿದು ಕಲ್ಲಿನ ಎದುರು ನಿಂತಳು. ಮುಖವಿಲ್ಲದ ಸವಾರನನ್ನು ಬಹಳ ಹೊತ್ತು ನೋಡಿದಳು. ಆಮೇಲೆ ರಾಚಯ್ಯನ ಕಡೆ ತಿರುಗಿದಳು. "ಎಣ್ಣಿ ಹಚ್ಚಿದ್ರ ಉಳದಿದ್ದು ಉಳೀತದೇನ್ರಿ?"

ಅವನ ತಲೆಯಲ್ಲಿ ಉಪ್ಪು, ನೀರು, ಎಣ್ಣೆ, ರಾಳ ಎಲ್ಲವೂ ಸುಳಿದುಹೋದವು. ಹಚ್ಚು ಎಂದರೂ ಆಗುತ್ತಿತ್ತು, ಬೇಡ ಎಂದರೂ ಆಗುತ್ತಿತ್ತು. ಏನು ಹೇಳಿದರೂ ಅವಳು ಅದನ್ನೇ ಮಾಡುತ್ತಿದ್ದಳು.

"ನನಗ ಗೊತ್ತಿಲ್ಲ ತಂಗಿ," ಎಂದ.

"ನೀರಿನ ಮಾತು ಭಾಳ ಗೊತ್ತಿದ್ದವರಂಗ ಹೇಳಿದ್ರಿ," ಎಂದಳು ಸೋಮವ್ವ. ದನಿಯಲ್ಲಿ ಸಿಟ್ಟಿರಲಿಲ್ಲ. ಬಟ್ಟಲನ್ನು ಮಾವನ ಕೈಗೆ ವಾಪಸು ಕೊಟ್ಟಳು. "ನೀವ ಹಚ್ಚರಿ ಮಾವಾ. ನಾ ಇದನ್ನ ಮುಟ್ಟಂಗಿಲ್ಲ." ಸೆರಗು ಸರಿಮಾಡಿಕೊಂಡು ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಮಲಕಪ್ಪ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದ. ಹಿತ್ತಲಿನಿಂದ ನೀರು ಸುರಿಯುವ ಸದ್ದು ಕೇಳಿಸುತ್ತಿತ್ತು. ರಾಚಯ್ಯ ಅದು ನಿಲ್ಲುವತನಕ ಕಾದು, ಕಟ್ಟೆಯ ಮೇಲೆ ಉಳಿದಿದ್ದ ಕಲ್ಲಿನ ತುಂಡನ್ನು ಟವೆಲಿನಲ್ಲಿ ಸುತ್ತಿಕೊಂಡ.